ಮಾಮಕ್ ಅಂಗಡಿಯಲ್ಲಿ ಟೋಕನ್ ಇಲ್ಲ

ಬೆಂಗಳೂರಿನ ದರ್ಶಿನಿಯಲ್ಲಿ ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ತಿಂಡಿ. ಕ್ವಾಲಾಲಂಪುರದ ಮಾಮಕ್ ಅಂಗಡಿಯಲ್ಲಿ ಮೊದಲು ಕುರ್ಚಿ, ಆಮೇಲೆ ತಿಂಡಿ, ಆಮೇಲೆ ಇನ್ನೊಂದು ಟೀ, ಎದ್ದು ಹೊರಡುವಾಗ ದುಡ್ಡು. ಎರಡೂ ಬಡ ವಿದ್ಯಾರ್ಥಿಯ ಹೊಟ್ಟೆ ತುಂಬಿಸುವ ಜಾಗಗಳೇ, ಆದರೆ ಅಗ್ಗಕ್ಕೆ ಕೊಡುವ ದಾರಿ ಬೇರೆ. 1983ರಲ್ಲಿ ಜಯನಗರದಲ್ಲಿ ಶುರುವಾದ ದಿನದಿಂದ ದರ್ಶಿನಿಯ ಲೆಕ್ಕ ಒಂದೇ: ಕುರ್ಚಿ ಬೇಡ, ಸಪ್ಲೈಯರ್ ಬೇಡ, ಗಿರಾಕಿ ಹತ್ತು ನಿಮಿಷದಲ್ಲಿ ತಿಂದು ಜಾಗ ಬಿಡಲಿ. ಮಾಮಕ್ ಮಾಲೀಕ ಮಾತ್ರ ರಾತ್ರಿಯಿಡೀ ಬಾಗಿಲು ತೆಗೆದಿಟ್ಟು, ಕೂತವರು ಏನಾದರೂ ಕುಡಿಯುತ್ತಲೇ ಇರುತ್ತಾರೆ ಎಂದು ನಂಬಿ ವ್ಯಾಪಾರ ಮಾಡುತ್ತಾನೆ. ಓದುವ ಹುಡುಗರಿಗೆ ಯಾವುದು ಒಳ್ಳೆಯದು ಎಂದರೆ ನನ್ನ ಓಟು ಮಾಮಕ್‌ಗೆ. ದೋಸೆಯ ಮಾತು ಬೇರೆ, ಅದಕ್ಕೆ ಆಮೇಲೆ ಬರೋಣ.

ತಮಿಳು ಮುಸ್ಲಿಮರು ನಡೆಸುವ ಹೋಟೆಲುಗಳಿಗೆ ಇಲ್ಲಿ ಮಾಮಕ್ ಎನ್ನುತ್ತಾರೆ. ಮಲಯಾ ವಿಶ್ವವಿದ್ಯಾಲಯದ ಸುತ್ತ, ಅಂದರೆ ಕೆರಿಂಚಿ, ಪಂತಾಯ್ ದಾಲಂ, ಪೆಟಾಲಿಂಗ್ ಜಯದ ಸೆಕ್ಷನ್ 17ರ ಕಡೆಗೆಲ್ಲ ಇಂಥವು ಸಿಗುತ್ತವೆ. ಪ್ಲಾಸ್ಟಿಕ್ ಕುರ್ಚಿಗಳು ರಸ್ತೆಬದಿಗೂ ಚಾಚಿರುತ್ತವೆ, ಗೋಡೆಯ ಮೇಲೆ ಫುಟ್ಬಾಲ್ ತೋರಿಸುವ ದೊಡ್ಡ ಪರದೆ, ಪಕ್ಕದಲ್ಲಿ ಕೈ ತೊಳೆಯುವ ಸಿಂಕು. 2019ರ ಜನವರಿ 1ರಿಂದ ಹೋಟೆಲಿನೊಳಗೆ ಸಿಗರೇಟು ನಿಷೇಧವಾದ ಮೇಲೆ ಕೂರಲು ಇನ್ನೂ ಹಿತ. ಸಪ್ಲೈಯರನ್ನು ‘ಅಣ್ಣೆ’ ಅಥವಾ ‘ಬಾಸ್’ ಎಂದು ಕರೆದರೆ ಸಾಕು. ತಮಿಳುನಾಡಿನಿಂದ ಬಂದವರು ತುಂಬ ಇರುವುದರಿಂದ ನಮ್ಮ ಬೆಂಗಳೂರಿನ ಹರಕುಮುರುಕು ತಮಿಳು ಇಲ್ಲಿ ಧಾರಾಳವಾಗಿ ನಡೆಯುತ್ತದೆ.

ತಿನ್ನಬೇಕಾದ್ದು ರೊಟಿ ಚಾನಾಯ್. ಒಂದು ಕೆಜಿ ಮೈದಾಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು, ಉಪ್ಪು, ಒಂದೆರಡು ಚಮಚ ಕಂಡೆನ್ಸ್ಡ್ ಹಾಲು, ಒಂದಿಷ್ಟು ಮಾರ್ಗರಿನ್. ಚೆನ್ನಾಗಿ ನಾದಿ 80ರಿಂದ 100 ಗ್ರಾಂ ಉಂಡೆ ಕಟ್ಟಿ, ಎಣ್ಣೆ ಸವರಿದ ಟ್ರೇಯಲ್ಲಿ ಕಡಿಮೆಯೆಂದರೆ ನಾಲ್ಕೈದು ಗಂಟೆ, ಸಾಮಾನ್ಯವಾಗಿ ರಾತ್ರಿಯಿಡೀ ಬಿಡುತ್ತಾರೆ. ಗುಟ್ಟೆಲ್ಲ ಈ ಬಿಡುವಿನಲ್ಲಿದೆ. ಹಿಟ್ಟು ಸಾಕಷ್ಟು ನೆನೆಯದಿದ್ದರೆ ಬೀಸುವಾಗ ರಬ್ಬರಿನ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬಲವಂತ ಮಾಡಿದರೆ ನಡುವೆ ಹರಿಯುತ್ತದೆ. ಮಾಸ್ಟರ್ ಉಂಡೆಯನ್ನು ಅಂಗೈಯಲ್ಲಿ ಒತ್ತಿ ತಟ್ಟೆಯಷ್ಟು ಮಾಡಿ, ಒಂದಂಚು ಹಿಡಿದೆತ್ತಿ ಸ್ಟೀಲು ಕಟ್ಟೆಗೆ ಬೀಸುತ್ತಾನೆ. ನಾಲ್ಕೈದು ಬೀಸಿಗೆ ಅದು ಹಿಂದಿನ ಕಟ್ಟೆ ಕಾಣುವಷ್ಟು ತೆಳ್ಳಗಾಗುತ್ತದೆ. ಅಂಚುಗಳನ್ನು ಒಳಕ್ಕೆ ಮಡಚುವಾಗ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಪದರ ಹುಟ್ಟುವುದು ಅದರಿಂದ. ಕಾವಲಿಯಿಂದ ತೆಗೆದ ಕೂಡಲೇ ಎರಡೂ ಅಂಗೈಯಿಂದ ಪಕ್ಕಕ್ಕೆ ತಟ್ಟಿ ಪದರ ಬಿಡಿಸಬೇಕು. ತಟ್ಟದೆ ಹಾಗೇ ತಟ್ಟೆಗೆ ಹಾಕುವ ಅಂಗಡಿಗೆ ಎರಡನೇ ಸಲ ಹೋಗಬೇಡಿ. ನಮ್ಮೂರ ಹೋಟೆಲಿನ ಕೇರಳ ಪರೋಟ ಸುರುಳಿ ಸುತ್ತಿದ ದಪ್ಪ ಪದರದ್ದು, ತಣ್ಣಗಾದರೂ ಒಂದು ಮಟ್ಟಕ್ಕೆ ತಿನ್ನಬಹುದು. ಚಾನಾಯ್ ಹಾಗಿಲ್ಲ, ಕಾಲು ಗಂಟೆ ಕಳೆದರೆ ಚರ್ಮ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೊದಲೇ ಸುಟ್ಟು ಪೇರಿಸಿಟ್ಟದ್ದನ್ನು ಬಿಸಿ ಮಾಡಿ ಕೊಡುವ ಅಂಗಡಿಗಳಿವೆ. ಬೆಳಿಗ್ಗೆ ಎಂಟಕ್ಕೋ ರಾತ್ರಿ ಹತ್ತರ ಮೇಲೋ ಹೋದರೆ ಕಾವಲಿಯಿಂದ ನೇರ ನಿಮ್ಮ ತಟ್ಟೆಗೆ. ಗರಿಗರಿ ಬೇಕಿದ್ದರೆ ‘ಗಾರಿಂಗ್’ ಎನ್ನಿ. ಬರಿಯದು ‘ಕೊಸೊಂಗ್’, ಮೊಟ್ಟೆಯದು ‘ತೆಲುರ್’, ಈರುಳ್ಳಿಯದು ‘ಬಾವಾಂಗ್’.

2024ರ ಡಿಸೆಂಬರಿನಲ್ಲಿ ಮಲೇಷ್ಯಾದ ಬೆಳಗಿನ ತಿಂಡಿ ಸಂಸ್ಕೃತಿ ಯುನೆಸ್ಕೋ ಪಟ್ಟಿ ಸೇರಿದಾಗ ನಾಸಿ ಲೆಮಾಕ್ (ತೆಂಗಿನಹಾಲಿನ ಅನ್ನ), ತೆ ತಾರಿಕ್ (ಎತ್ತಿ ಸುರಿದು ನೊರೆ ಬರಿಸಿದ ಟೀ) ಜೊತೆ ಈ ರೊಟಿಯ ಹೆಸರೂ ಇತ್ತು. ಪುಣ್ಯಕ್ಕೆ ಅದರಿಂದ ಬೆಲೆಗೇನೂ ಕೊಂಬು ಬರಲಿಲ್ಲ. ಕೊಸೊಂಗ್ ಈಗಲೂ ಎರಡು ರಿಂಗಿಟ್ ಆಸುಪಾಸು. ಬಹಳ ಕಡೆ ಟೀಯೇ ರೊಟಿಗಿಂತ ದುಬಾರಿ! ಗಂಟೆಗಟ್ಟಲೆ ಕೂತರೂ ಯಾಕೆ ಎಬ್ಬಿಸುವುದಿಲ್ಲ ಎನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಆ ಟೀ ನಮ್ಮ ನಾಲಿಗೆಗೆ ಮೊದಲು ಪಾಯಸದ ಹಾಗೆ ಹತ್ತುತ್ತದೆ. ತೆ ತಾರಿಕ್‌ಗೆ ಹಾಕುವುದು ಸಕ್ಕರೆ ತುಂಬಿದ ಕಂಡೆನ್ಸ್ಡ್ ಹಾಲು, ಆದ್ದರಿಂದ ಸಿಹಿ ಕಡಿಮೆ ಮಾಡಿ ಎಂದರೆ ಹಾಲೂ ಕಡಿಮೆಯಾಗಿ ಕಪ್ಪು ಕಹಿ ನೀರು ಬರುತ್ತದೆ. ಕೇಳಬೇಕಾದ್ದು ‘ತೆ ಸಿ ಕುರಾಂಗ್ ಮಾನಿಸ್’. ಇದರ ಇವಾಪೊರೇಟೆಡ್ ಹಾಲಿನಲ್ಲಿ ಸಕ್ಕರೆ ಇರುವುದಿಲ್ಲ, ಸಕ್ಕರೆ ಬೇರೆ ಹಾಕುವುದರಿಂದ ಕಡಿಮೆ ಮಾಡಿಸಬಹುದು. ಸಕ್ಕರೆಯೇ ಬೇಡವಾದರೆ ‘ತೆ ಸಿ ಕೊಸೊಂಗ್’. ಮನೆಯ ಟೀಗೆ ಇದೇ ಹತ್ತಿರ. ಶುಂಠಿ ಟೀ ಬೇಕಿದ್ದರೆ ‘ತೆ ಹಾಲಿಯಾ’. ಫಿಲ್ಟರ್ ಕಾಫಿಯ ಆಸೆ ಇಲ್ಲಿ ಬಿಟ್ಟುಬಿಡಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಬರೀ ಮಾಂಸ ಬೇಡ ಎಂದರೆ ಕೋಳಿ, ಮೀನು ಎಲ್ಲ ಬರಬಹುದು, ಅದಕ್ಕೆ ‘ಆಯಾಂ, ಇಕಾನ್, ಉಡಾಂಗ್, ತೆಲುರ್’ (ಕೋಳಿ, ಮೀನು, ಸೀಗಡಿ, ಮೊಟ್ಟೆ) ಯಾವುದೂ ಬೇಡ ಎಂದು ಒಂದೊಂದಾಗಿ ಹೆಸರು ಹೇಳಬೇಕು. ರೊಟಿ ಜೊತೆ ಏನೂ ಹೇಳದಿದ್ದರೆ ಬೇಳೆಸಾರಿನ ಮೇಲೆ ಮೀನಿನ ಗ್ರೇವಿ ಸುರಿದು ತರುವುದುಂಟು, ‘ದಾಲ್ ಸಾಜಾ’ (ಬೇಳೆ ಮಾತ್ರ) ಎಂದು ಮೊದಲೇ ಹೇಳಿ. ಕೆಂಪು ಸಂಬಾಲ್ ನೋಡಲು ನಮ್ಮ ಕೆಂಪು ಚಟ್ನಿಯಂತಿದ್ದರೂ ಅದರಲ್ಲಿ ಸಾಮಾನ್ಯವಾಗಿ ಸೀಗಡಿಯ ಬೆಲಚಾನ್ ಇರುತ್ತದೆ, ನಾಸಿ ಲೆಮಾಕ್‌ನಲ್ಲಿ ಒಣ ನೆತ್ತೋಲಿಯೂ ಸೇರುತ್ತದೆ. ಮೊಟ್ಟೆ, ಮಾಂಸ ತುಂಬಿ ಮಡಚಿದ ಮುರ್ತಬಾಕ್ ಬೇಯುವ ಕಾವಲಿಯಲ್ಲೇ ನಿಮ್ಮ ರೊಟಿಯೂ ಬೇಯುತ್ತದೆ. ಮಡಿ ಇಟ್ಟುಕೊಂಡವರಿಗೆ ಇದು ಆಗುವ ಮಾತಲ್ಲ. ಅಂಥವರು ಭಾರತೀಯರ ಬಡಾವಣೆಯಾದ ಬ್ರಿಕ್‌ಫೀಲ್ಡ್ಸ್‌ನ ಸಸ್ಯಾಹಾರಿ ಹೋಟೆಲುಗಳನ್ನು ಹಿಡಿಯಬೇಕು. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳಲ್ಲಿ ಹೆಚ್ಚಾಗಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ಅವೆರಡನ್ನೂ ಬಿಟ್ಟವರಿಗೆ ಯಾರೂ ನೆನೆಸದ ಆಸರೆ.

ಜೇಬಿಗೆ ಕತ್ತರಿ ಬೀಳುವುದು ನಾಸಿ ಕಂದಾರ್ ಸಾಲಿನಲ್ಲಿ. ಅನ್ನದ ಮೇಲೆ ನೀವು ಬೆರಳು ತೋರಿಸಿದ್ದೆಲ್ಲ ಬಂದು ಕೂರುತ್ತದೆ, ಲೆಕ್ಕ ಹಾಕುವುದು ಕೊನೆಗೆ. ಕೋಳಿ ತುಂಡು, ಬೆಂಡೆಕಾಯಿ, ಎಲೆಕೋಸು ಇಷ್ಟರಲ್ಲೇ ನಿಂತರೆ ಬಿಲ್ಲು ಹದದಲ್ಲಿರುತ್ತದೆ. ದೊಡ್ಡ ಸೀಗಡಿ, ಮೀನಿನ ತಲೆ, ಸ್ಕ್ವಿಡ್ ಕಡೆಗೆ ಬೆರಳು ಹೋಗುವ ಮುಂಚೆ ಬೆಲೆ ಕೇಳಿಬಿಡಿ. ಗ್ರೇವಿಗಳನ್ನೆಲ್ಲ ಧಾರಾಳವಾಗಿ ಸುರಿಯಲಿ ಎಂದರೆ ‘ಬಂಜಿರ್’ ಎನ್ನಿ, ನೆರೆ ಬಂದಷ್ಟು ಸಾರು. ಸರಕಾರ 2023ರ ಜನವರಿಯಲ್ಲಿ ಶುರು ಮಾಡಿದ ‘ಮೆನು ರಹ್ಮಾ’ ಯೋಜನೆಯಲ್ಲಿ ಐದು ರಿಂಗಿಟ್ ಒಳಗಿನ ಊಟ ಕೊಡುವ ಅಂಗಡಿ ಕಂಡರೆ ಒಮ್ಮೆ ವಿಚಾರಿಸಬಹುದು.

ದೋಸೆ ಇಲ್ಲಿ ತೋಸೈ. ದಪ್ಪ, ಹುಳಿ ಹೆಚ್ಚು, ಅಂಚು ಗರಿಯಾಗುವ ಮೊದಲೇ ಕಾವಲಿಯಿಂದ ಎದ್ದುಬಿಡುತ್ತದೆ. ಸಾಂಬಾರಿನಲ್ಲಿ ಬ್ಯಾಡಗಿಯ ಬಣ್ಣವೂ ಇಲ್ಲ, ಬೆಲ್ಲದ ಸುಳಿವೂ ಇಲ್ಲ. ಬೆಣ್ಣೆದೋಸೆಯ ಊರಿನಿಂದ ಬಂದವರು ಇದನ್ನು ತಿಂದು ಮುಖ ಸಿಂಡರಿಸುವುದಕ್ಕಿಂತ ರೊಟಿಗೇ ನಿಷ್ಠರಾಗಿರುವುದು ವಾಸಿ.

ನನ್ನ ನಿಜವಾದ ತಕರಾರು ನೀರಿನದು. ದರ್ಶಿನಿಯಲ್ಲಿ ಲೋಟ ಹಿಡಿದು ನಲ್ಲಿ ತಿರುಗಿಸಿದರೆ ಮುಗಿಯಿತು. ಇಲ್ಲಿ ಬಹಳ ಅಂಗಡಿಗಳಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರಿಗೂ ಒಂದಿಷ್ಟು ಸೆನ್ (ರಿಂಗಿಟ್ಟಿನ ಪೈಸೆ) ಬಿಲ್ಲಿಗೆ ಸೇರುತ್ತದೆ. ಸಾಂಬಾರು ಎಷ್ಟು ಸಲ ಹಾಕಿದರೂ ಕಾಸು ಕೇಳದ ಊರಿನವರಿಗೆ ಇದು ಗಂಟಲಲ್ಲಿ ಇಳಿಯುವುದು ಕಷ್ಟ. ಆದರೂ ಪರೀಕ್ಷೆಯ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ತೆರೆದು, ತಲೆಗೊಂದೇ ತೆ ಐಸ್ ಮುಂದಿಟ್ಟುಕೊಂಡ ಐದಾರು ಹುಡುಗ ಹುಡುಗಿಯರನ್ನು ಯಾರೂ ಎಬ್ಬಿಸದಿರುವುದು ಕಂಡರೆ, ಆ ನೀರಿನ ಕಾಸನ್ನು ಕುರ್ಚಿಯ ಬಾಡಿಗೆ ಎಂದು ಹಿಡಿಯಬಹುದು. ರಂಜಾನಿನಲ್ಲಿ ಹಗಲು ಅಂಗಡಿ ಭಣಗುಟ್ಟುತ್ತದೆ, ಸಂಜೆ ಉಪವಾಸ ಬಿಡುವ ಹೊತ್ತಿಗೆ ಕುರ್ಚಿ ಸಿಗುವುದಿಲ್ಲ, ಮತ್ತೆ ನಸುಕಿನ ಸಹರಿ ಊಟಕ್ಕೆ ಜನ ಬರುತ್ತಾರೆ.

ಜ್ಞಾನಭಾರತಿ, ಮಾನಸಗಂಗೋತ್ರಿಯ ಹಾಸ್ಟೆಲುಗಳ ಹತ್ತಿರ ಇಂಥದ್ದೊಂದು ನಡೆದೀತೇ? ಕುರ್ಚಿ ಹಾಕಬಹುದು, ರಾತ್ರಿ ಬಾಗಿಲು ತೆಗೆದಿಡಲೂ ಬಹುದು. ಆದರೆ ಮಾಮಕ್ ಬದುಕಿರುವುದು ತಲೆಗೊಂದು ಪಾನೀಯದ ಮೇಲೆ. ನಾವೋ ಕೂತ ಕೂಡಲೇ ಬೈಟು ಕಾಫಿ ಹೇಳುವವರು.