ಕೇಜನ್ ಅಂದ್ರೆ ಕೆಂಪು ಪುಡಿಯಂತೆ!

ನಿನ್ನೆ ಬೆಂಗಳೂರಿನ ಒಂದು ಬಫೆಯಲ್ಲಿ ಕರಿದ ಆಲೂಗಡ್ಡೆ, ಮೇಲೆ ಮೆಯೊನೀಸ್, ಅದರ ಮೇಲೆ ಕೆಂಪು ಪುಡಿ. ಹೆಸರು ‘ಕೇಜನ್ ಪೊಟ್ಯಾಟೊ’. ಪಕ್ಕದ ಟೇಬಲ್ಲಿನ ಹುಡುಗ ಕೇಜನ್ ಅಂದ್ರೇನು ಅಂತ ಕೇಳಿದ. ‘ಒಂಥರಾ ಮಸಾಲೆ ಸರ್’ ಅಂದರು ಬಡಿಸುವವರು. ನನಗೆ ಊಟವೇ ಸೇರಲಿಲ್ಲ.

ಅಮೆರಿಕದ ಲೂಯಿಸಿಯಾನ ರಾಜ್ಯದ ಲಫಾಯೆಟ್ ಊರಿನಲ್ಲಿ, ಕೇಜನ್ನರ ನಡುವೆ, ನಾನು ಒಂದಷ್ಟು ಕಾಲ ಇದ್ದೆ. ಅದಕ್ಕೇ ಇದನ್ನು ಹೇಳಲೇಬೇಕು. ಕೇಜನ್ ಅನ್ನೋದು ಒಂದು ಜನದ ಹೆಸರು ಕಣ್ರೀ. ಈಗಿನ ಕೆನಡಾದ ಪೂರ್ವ ಕರಾವಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ಫ್ರೆಂಚ್ ಮಾತಿನವರು. 1755ರಿಂದ ಬ್ರಿಟಿಷರು ಅವರನ್ನು ಹಡಗಿಗೆ ತುಂಬಿ ಹೊರಗಟ್ಟಿದರು. ಮನೆಗಳಿಗೆ ಬೆಂಕಿ ಇಟ್ಟರು. ಸಂಸಾರಗಳು ದಿಕ್ಕಾಪಾಲಾದವು. ಅಲೆದೂ ಅಲೆದೂ ಒಂದಷ್ಟು ಜನ ಲೂಯಿಸಿಯಾನದ ಬಾಯುಗಳ ದಡ ಸೇರಿದರು. ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನದ ನೀರು, ಸುತ್ತ ಜೌಗು. ಅಲ್ಲಿ ಸಿಕ್ಕಿದ್ದರಲ್ಲೇ ಅಡುಗೆ ಮಾಡಿಕೊಂಡರು. ಚೋಕ್ಟಾ ಮೂಲನಿವಾಸಿಗಳಿಂದ, ಗುಲಾಮರಾಗಿ ಬಂದ ಆಫ್ರಿಕನ್ನರಿಂದ ಕಲಿತರು.

ಗಂಬೋ ಅನ್ನೋ ಅವರ ಗಟ್ಟಿ ಸಾರು ಮಾಡುವುದನ್ನು ಒಮ್ಮೆ ನಿಂತು ನೋಡಬೇಕು. ದಪ್ಪ ತಳದ ಕಬ್ಬಿಣದ ಪಾತ್ರೆ. ಎಣ್ಣೆ, ಹೆಚ್ಚುಕಡಿಮೆ ಅಷ್ಟೇ ಮೈದಾ. ಸಣ್ಣ ಉರಿ. ಕೈ ನಿಲ್ಲಿಸದೆ ಅರ್ಧ ಮುಕ್ಕಾಲು ಗಂಟೆ ತಿರುವಬೇಕು. ಹಸಿ ಹಿಟ್ಟಿನ ವಾಸನೆ ಹೋಗಿ ಹುರಿದ ಘಮ ಏಳುತ್ತದೆ. ಬಣ್ಣ ಕೆಂಪಗಾಗಿ, ಆಮೇಲೆ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಇದೇ ರೂ. ಕಪ್ಪು ಚುಕ್ಕೆ ಕಂಡಿತೋ, ಚೆಲ್ಲಿ ಮತ್ತೆ ಶುರು. ಹದ ಬಂದ ಕೂಡಲೇ ಈರುಳ್ಳಿ, ಸೆಲೆರಿ, ದೊಣ್ಣೆ ಮೆಣಸಿನಕಾಯಿ ಸುರಿಯುತ್ತಾರೆ. ಚೊಂಯ್ ಅಂತ ಶಬ್ದ, ಹಿಟ್ಟು ಸೀಯುವುದು ನಿಲ್ಲುತ್ತದೆ. ಆಮೇಲೆ ನೀರು, ಕೋಳಿ, ಹೊಗೆಯಲ್ಲಿ ಒಣಗಿಸಿದ ಸಾಸೇಜ್, ನಿಧಾನ ಕುದಿ. ಅನ್ನದ ಮೇಲೆ ಬಡಿಸುತ್ತಾರೆ. ಖಾರ ಇರುತ್ತದೆ, ಬಾಯಿ ಉರಿಯುವಷ್ಟಲ್ಲ. ಇದರಲ್ಲಿ ಆ ಕೆಂಪು ಪುಡಿ ಎಲ್ಲಿ ಬಂತು ಹೇಳಿ?

ಅದು ಬಂದದ್ದು ಹೋಟೆಲಿನಿಂದ. 1980ರ ದಶಕದಲ್ಲಿ ಪಾಲ್ ಪ್ರುಧೋಮ್ ಅನ್ನೋ ಬಾಣಸಿಗರು ಲೂಯಿಸಿಯಾನದ ನ್ಯೂ ಆರ್ಲಿಯನ್ಸ್‌ನಲ್ಲಿ ರೆಡ್‌ಫಿಶ್ ಮೀನಿಗೆ ಮಸಾಲೆ ಸವರಿ, ಕಾದ ಕಾವಲಿಯಲ್ಲಿ ಕಪ್ಪಗೆ ಮಾಡಿ ಬಡಿಸಿದರು. ಅಮೆರಿಕವೇ ಹುಚ್ಚೆದ್ದಿತು. ಕೊನೆಗೆ ಆ ಮೀನು ಹಿಡಿಯುವುದಕ್ಕೇ ಸರಕಾರ ನಿರ್ಬಂಧ ಹಾಕಬೇಕಾಯಿತು. ಪ್ರುಧೋಮ್ ಅದೇ ಸೀಮೆಯವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಜನವನ್ನೇ ಬಿಟ್ಟು ಪುಡಿಯನ್ನಷ್ಟೇ ಮಾರಿದವರ ಮೇಲಿದೆ.

‘ಗೋಬಿ ಮಂಚೂರಿ ತಿನ್ನುವಾಗ ಇಷ್ಟೆಲ್ಲ ಯೋಚಿಸ್ತೀರಾ?’ ಅಂತ ಯಾರಾದರೂ ಕೇಳೇ ಕೇಳ್ತೀರಿ. ಇಲ್ಲ. ಗೋಬಿ ಮಂಚೂರಿಯಿಂದ ಚೀನಾದ ಅಡುಗೆ ಮರೆಯಾಗಲ್ಲ. ಕೇಜನ್ನರ ಸ್ಥಿತಿ ಬೇರೆ. 1921ರ ಲೂಯಿಸಿಯಾನ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಅಂದಿತು. ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆ. ಲಫಾಯೆಟ್‌ನಲ್ಲಿ ನನ್ನ ಪಕ್ಕದ ಮನೆಯ ಅಜ್ಜಿ ಆ ಪೆಟ್ಟು ತಿಂದವರು. ತಮ್ಮ ಮಕ್ಕಳಿಗೆ ಫ್ರೆಂಚ್ ಕಲಿಸಲು ಹೆದರಿದರಂತೆ. ರೂ ತಿರುವುತ್ತಾ ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತ್ತು, ನನ್ನದೂ. ಅಂಥವರ ಹೆಸರನ್ನು ‘ಒಂಥರಾ ಮಸಾಲೆ’ ಅಂದರೆ ನಾನು ಹೇಗೆ ಸುಮ್ನಿರಲಿ?

ಹ್ಯೂಸ್ಟನ್‌ನಲ್ಲಿರುವ ನಮ್ಮವರಿಗೆ ಒಂದು ಮಾತು. ನ್ಯೂ ಆರ್ಲಿಯನ್ಸ್‌ಗೆ ಹೋಗುವಾಗ ಲಫಾಯೆಟ್ ದಾಟಿಯೇ ಹೋಗುತ್ತೀರಿ. ಅಲ್ಲಿನ ಪೆಟ್ರೋಲ್ ಬಂಕುಗಳಲ್ಲೂ ಬೂಡಾನ್ ಸಿಗುತ್ತದೆ: ಅನ್ನ, ಹಂದಿಮಾಂಸ, ಈರುಳ್ಳಿ ಸೊಪ್ಪು ತುಂಬಿದ ಸಾಸೇಜ್. ಮಾಂಸ ತಿನ್ನುವವರು ಇಳಿದು ಬಿಸಿ ಇರುವಾಗಲೇ ತಿನ್ನಿ. ಮಾಡಿದವರ ಹತ್ತಿರ ಎರಡು ಮಾತಾಡಿ.