ಕ್ಷೀರಸಾಗರ ಭಟ್ಟರ ಮನೆಯ 3ಜಿ

2008ರ ಆಗಸ್ಟ್ 22ರಂದು ಭಾರತದಲ್ಲಿ ಐಫೋನ್ 3ಜಿ ಮಾರಾಟಕ್ಕೆ ಬಂತು. 8 ಜಿಬಿಗೆ 31,000 ರೂಪಾಯಿ, 16 ಜಿಬಿಗೆ 36,100. ಮಾರಿದವರು ಏರ್‌ಟೆಲ್ ಮತ್ತು ವೊಡಾಫೋನ್. ಇಬ್ಬರ ಬಳಿಯೂ ಆಗ ಇಲ್ಲದೇ ಇದ್ದದ್ದು ಒಂದೇ: 3ಜಿ ನೆಟ್‌ವರ್ಕ್.

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಹಾಗೆ. ಸೆಕೆಂಡಿಗೆ 3.6 ಮೆಗಾಬಿಟ್ ಹಾಲು ಕುಡಿಯಬಲ್ಲ ಫೋನಿಗೆ ಸಿಕ್ಕಿದ್ದು 2ಜಿ ಕಾಲದ ಎಡ್ಜ್ ಎಂಬ ನೀರು ಮಜ್ಜಿಗೆ. ಅದೂ ಕಾಗದದ ಮೇಲೆ 236 ಕಿಲೋಬಿಟ್. ಲೋಟಕ್ಕೆ ಬೀಳುತ್ತಿದ್ದದ್ದು ಇನ್ನೂ ಕಡಿಮೆ.

ತಿಳಿದವರು 3ಜಿ ಫೋನ್ ಕೊಂಡ ಮೇಲೆ ಮೊದಲು ಮಾಡಬೇಕಿದ್ದ ಕೆಲಸ 3ಜಿ ಆಫ್ ಮಾಡುವುದು. ಸೆಟ್ಟಿಂಗ್ಸ್, ಜನರಲ್, ನೆಟ್‌ವರ್ಕ್, ಅಲ್ಲಿ ಎನೇಬಲ್ 3ಜಿ. ಬಿಟ್ಟರೆ ಫೋನು ಇಲ್ಲದ ಸಿಗ್ನಲ್ಲನ್ನು ಹುಡುಕಿ ಹುಡುಕಿ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತಿತ್ತು. ಆಪಲ್ ಕೊಟ್ಟ ಲೆಕ್ಕದಲ್ಲಿ 3ಜಿ ಮಾತಿಗೆ 5 ಗಂಟೆ, 2ಜಿ ಮಾತಿಗೆ 10. ಸರ್ಕಾರ 3ಜಿಗೆ ಬೇಕಾದ ತರಂಗಾಂತರ ಹರಾಜು ಹಾಕದೆ ಕೂತದ್ದರಿಂದ ಪ್ರಜೆಗಳಿಗೆ ಉಳಿತಾಯವಾದದ್ದು 5 ಗಂಟೆ!

ಅಮೆರಿಕದಲ್ಲಿ ಇದೇ ಫೋನು ಎರಡು ವರ್ಷದ ಕರಾರಿನ ಮೇಲೆ 199 ಡಾಲರ್, ಆಗಿನ ದರಕ್ಕೆ ಸುಮಾರು 8,500 ರೂಪಾಯಿ. ಅಲ್ಲಿ ಕಂಪನಿ ಉಳಿದ ದುಡ್ಡನ್ನು ತಿಂಗಳ ಬಿಲ್ಲಿನಲ್ಲಿ ಹಿಂಡಿಕೊಳ್ಳುತ್ತಿತ್ತು, ಅದಕ್ಕೆ ಬೇರೆ ಕಂಪನಿಯ ಸಿಮ್ ನಡೆಯದ ಹಾಗೆ ಫೋನಿಗೆ ಬೀಗ. ಇಲ್ಲಿ ಪೂರ್ತಿ ದುಡ್ಡೂ ಕೊಡಬೇಕು, ಬೀಗವೂ ಇರಬೇಕು. ಎಮ್ಮೆ ನಿಮ್ಮದು, ಹಗ್ಗ ಮಾರಿದವನ ಕೈಯಲ್ಲಿ. ಬಿಎಸ್‌ಎನ್‌ಎಲ್ 2009ರಲ್ಲೇ 3ಜಿ ಶುರು ಮಾಡಿತು ನಿಜ, ಆದರೆ ಆ ಸಿಮ್ ಹಾಕಿದರೆ ಫೋನು ಒಪ್ಪಬೇಕಲ್ಲ.

ಗಾಜಿನ ಸೊಗಸು ಮಾತ್ರ ಸುಳ್ಳಲ್ಲ. ಅದುವರೆಗಿನ ಬಹುತೇಕ ಟಚ್ ಫೋನುಗಳನ್ನು ಕಡ್ಡಿಯಿಂದ ಚುಚ್ಚಬೇಕಿತ್ತು. ಇದಕ್ಕೆ ಬೆರಳು ಸೋಕಿದರೆ ಸಾಕು, ಎರಡು ಬೆರಳಲ್ಲಿ ಚಿತ್ರ ಹಿಗ್ಗುತ್ತಿತ್ತು. ಆದರೆ ಬಂದ ಎಸ್‌ಎಂಎಸ್ಸನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಲು ಬರುತ್ತಿರಲಿಲ್ಲ! ಕಾಪಿ ಪೇಸ್ಟೂ ಇಲ್ಲ. ಯುಗಾದಿ ಶುಭಾಶಯ ಹತ್ತು ಜನಕ್ಕೆ ಹೋಗಬೇಕಾದರೆ ಅದನ್ನು ಬಾಯಿಪಾಠ ಮಾಡಿ ಮತ್ತೆ ಟೈಪಿಸಬೇಕು. ಬ್ಲೂಟೂತಿನಲ್ಲಿ ಹಾಡು ಕಳಿಸುವುದಂತೂ ಕನಸು. ಟಾರ್ಚ್ ಇದ್ದ ನೋಕಿಯಾ 1100 ಕೂಡ ಸದ್ದಿಲ್ಲದೆ ಫಾರ್ವರ್ಡ್ ಮಾಡುತ್ತಿತ್ತು. (ಐಫೋನಿನಲ್ಲಿ ಟಾರ್ಚೂ ಇರಲಿಲ್ಲ ಬಿಡಿ.) ಕನ್ನಡದ ಕೀಲಿಮಣೆ ಬಂದದ್ದು 2017ಕ್ಕೆ, ಐಓಎಸ್ 11ರಲ್ಲಿ.

2010ರಲ್ಲಿ ಹರಾಜು ನಡೆಯಿತು. 34 ದಿನ, 183 ಸುತ್ತು, ಸುಮಾರು 67,700 ಕೋಟಿ. ಏರ್‌ಟೆಲ್‌ನ 3ಜಿ ಬೆಂಗಳೂರಿಗೆ ಬಂದದ್ದು 2011ರ ಜನವರಿಯಲ್ಲಿ. ಅದಕ್ಕೆ ಎರಡು ತಿಂಗಳು ಮುಂಚೆ, ನವೆಂಬರಿನಲ್ಲಿ, ಐಫೋನ್ 3ಜಿಗೆ 4.2.1 ಎಂಬ ಕೊನೆಯ ಅಪ್‌ಡೇಟ್ ಕೊಟ್ಟು ಆಪಲ್ ಕೈತೊಳೆದುಕೊಂಡಿತ್ತು. 400 ಸಲ ಪೂರ್ತಿ ಚಾರ್ಜ್ ಆದ ಮೇಲೆ ಶೇ 80ಕ್ಕೆ ಇಳಿಯುವ ಬ್ಯಾಟರಿ, ಗ್ರಾಹಕ ಬಿಚ್ಚುವ ಹಾಗೂ ಇಲ್ಲ. ಎರಡೂವರೆ ವರ್ಷ ದಿನಾ ಚಾರ್ಜಿಗೆ ಹಾಕಿದವರು ಕೊನೆಗೂ ಆ 3ಜಿ ಸ್ವಿಚ್ ಆನ್ ಮಾಡಿದರು. ಹಾಲು ಬಂತು. ಚೊಂಬು ತೂತು.