ಸ್ಪಷ್ಟನೆ: 300 ಕಿ.ಮೀ. ಹಾರಾಟಕ್ಕೆ 22 ನಿಮಿಷ ಸಾಕಾಗುವುದಿಲ್ಲ

ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ 300 ಕಿ.ಮೀ. ದೂರಕ್ಕೆ, ವಿಮಾನದ ವೇಗ ಗಂಟೆಗೆ 800 ಕಿ.ಮೀ. ಆದ್ದರಿಂದ, 22 ನಿಮಿಷ ಸಾಕು, ಟಿಕೆಟ್‌ನಲ್ಲಿ ಸುಮ್ನೆ ಒಂದು ಗಂಟೆ ಎಂದು ಹಾಕುತ್ತಾರೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಗಂಟೆಗೆ 800 ಕಿ.ಮೀ. ಎನ್ನುವುದು ಜೆಟ್ ವಿಮಾನ ಮೇಲೇರಿದ ನಂತರದ ವೇಗ. ಇಂಥ ಮಾರ್ಗಗಳಲ್ಲಿ ಎಟಿಆರ್ 72 ತರಹದ ಪ್ರೊಪೆಲ್ಲರ್ ವಿಮಾನಗಳೇ ಜಾಸ್ತಿ. ಅವುಗಳ ವೇಗ ಸುಮಾರು 500 ಕಿ.ಮೀ. ಅಷ್ಟೇ. ಏರುವಾಗ, ಇಳಿಯುವಾಗ ಇನ್ನೂ ಕಡಿಮೆ.

ಆ 300 ಕಿ.ಮೀ. ಕೂಡ ನೇರ ಗೆರೆಯ ಅಳತೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಕೆಲವೊಮ್ಮೆ ಹೋಗಬೇಕಾದ ಊರಿಗೆ ಬೆನ್ನು ಹಾಕಿ ಹೊರಟು, ಮೇಲೆ ಹೋಗಿ ತಿರುಗುತ್ತದೆ. ಇಳಿಯುವಾಗ ರನ್‌ವೇ ಸಾಲಿಗೆ ದೂರದಿಂದಲೇ ಬರಬೇಕು.

ಟಿಕೆಟ್‌ನ ಸಮಯದಲ್ಲಿ ವಿಮಾನ ನೆಲದ ಮೇಲೆ ಓಡಾಡುವ ಹೊತ್ತೂ ಸೇರಿದೆ. ಮುಂದೆ ರೈಲು ಹಿಡಿಯುವವರು ಅದನ್ನೇ ನಂಬಿ.